ಸಾಕ್ಷಿ ಹೇಳುವವನ ಎರಡು ಅರ್ಹತೆಗಳು

ಪತ್ರಿಕೆಯ ಕೆಲಸವೇನು? ನಾವು ಕಾಣದ ಸಂಗತಿಯನ್ನು ಕಂಡು ಬಂದು ನಮಗೆ ತಿಳಿಸುವುದು. ಅಂದರೆ ಅದು ಸಾಕ್ಷಿ ಹೇಳುವ ಕೆಲಸ. ಸಾಕ್ಷ್ಯದ ವಿಷಯದಲ್ಲಿ ನಮ್ಮ ಧರ್ಮಶಾಸ್ತ್ರ ಪಂಡಿತರು ಬಹಳ ಬಿಗಿಯಾಗಿದ್ದರು. ಖಾಝಿಯ ಮುಂದೆ ನಿಂತವನು ಆ ಸಂಗತಿಯನ್ನು ಸ್ವತಃ ಬಲ್ಲವನಾಗಿರಬೇಕು. ತನ್ನ ಮಾತಿನಿಂದ ಲಾಭ ಪಡೆಯುವವನಾಗಲಿ, ಎದುರಾಳಿಯ ಮೇಲೆ ಹಗೆಯುಳ್ಳವನಾಗಲಿ ಆಗಿರಬಾರದು. ತಂದೆಯ ಪರವಾಗಿ ಮಗ ಹೇಳುವ ಸಾಕ್ಷ್ಯವನ್ನೂ ಹೆಚ್ಚಿನ ಪಂಡಿತರು ಒಪ್ಪಲಿಲ್ಲ. ಬಲ್ಲವನಾಗಿರಬೇಕು, ಹಂಗಿಲ್ಲದವನಾಗಿರಬೇಕು. ಇಂದಿನ ಸುದ್ದಿ ಮಾಧ್ಯಮಗಳನ್ನೂ ಈ ಎರಡು ಅರ್ಹತೆಗಳಿಂದಲೇ ಅಳೆಯಬೇಕಾಗಿದೆ.

ಮೊದಲನೆಯದನ್ನು ನೋಡೋಣ. 2006ರಲ್ಲಿ ಯೋಗೇಂದ್ರ ಯಾದವ್, ಅನಿಲ್ ಚಮಡಿಯಾ ಮತ್ತು ಜಿತೇಂದ್ರ ಕುಮಾರ್ ಅವರು ದೆಹಲಿಯ 37 ಹಿಂದಿ ಮತ್ತು ಇಂಗ್ಲಿಷ್ ಸುದ್ದಿ ಸಂಸ್ಥೆಗಳಲ್ಲಿ ಸಮೀಕ್ಷೆ ನಡೆಸಿದರು. ನಿರ್ಧಾರ ತೆಗೆದುಕೊಳ್ಳುವ ಸ್ಥಾನದಲ್ಲಿದ್ದ 315 ಮಂದಿಯಲ್ಲಿ ಒಬ್ಬ ದಲಿತನೂ ಇರಲಿಲ್ಲ, ಒಬ್ಬ ಆದಿವಾಸಿಯೂ ಇರಲಿಲ್ಲ. ಮುಸ್ಲಿಮರು ಬೆರಳೆಣಿಕೆಯಷ್ಟಿದ್ದರು. ಇದರಿಂದ ಆ 315 ಮಂದಿಯೂ ಕೆಟ್ಟವರೆಂದು ಹೇಳಲಾಗದು. ಆದರೆ ಒಬ್ಬ ವರದಿಗಾರನಿಗೆ ನಮ್ಮ ಮೊಹಲ್ಲಾದ ದಾರಿ ತಿಳಿಯದಿದ್ದರೂ ಪೊಲೀಸ್ ಠಾಣೆಯ ದಾರಿ ತಿಳಿದಿರುತ್ತದೆ. ಆಗ ಠಾಣೆ ಹೇಳಿದ್ದೇ ಸುದ್ದಿಯಾಗುತ್ತದೆ. ದಲಿತ ಕೇರಿಗೂ ಹಾಡಿಗಳಲ್ಲಿರುವ ಸೋಲಿಗರಿಗೂ ಇದೇ ಗತಿ. ಸುಳ್ಳು ಹೇಳಬೇಕೆಂಬ ಉದ್ದೇಶ ಯಾರಿಗೂ ಇಲ್ಲದೆಯೇ ಸುಳ್ಳು ಅಚ್ಚಾಗುತ್ತದೆ.

ಇದರ ಪರಿಣಾಮವನ್ನು ನಮ್ಮ ಜಿಲ್ಲೆಯವರು ಮರೆಯುವಂತಿಲ್ಲ. 2021ರ ಮೇ 2ರ ರಾತ್ರಿಯಿಂದ ಮರುದಿನದವರೆಗೆ ಚಾಮರಾಜನಗರ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕ ಸಾಲದೆ ಹಾಹಾಕಾರವೆದ್ದಿತು. 24 ರೋಗಿಗಳು ಸತ್ತರು. ಬದನಗುಪ್ಪೆಯಂಥ ಊರುಗಳ ಬಡವರು ಕಾಯಿಲೆ ಬಿದ್ದರೆ ಓಡುವುದು ಆ ಆಸ್ಪತ್ರೆಗೇ. ಸಿಲಿಂಡರ್ ಏಕೆ ಬರಲಿಲ್ಲ, ಯಾರು ಹೊಣೆ ಎಂಬುದು ಇಡೀ ರಾಜ್ಯ ಕೇಳಬೇಕಾಗಿದ್ದ ಪ್ರಶ್ನೆ. ಆದರೆ ಮೇ 4ರಂದು ಬೆಂಗಳೂರಿನ ಕೋವಿಡ್ ವಾರ್ ರೂಮಿನಲ್ಲಿ ಹಾಸಿಗೆ ಹಂಚಿಕೆಯ ಅಕ್ರಮದ ಹೆಸರಿನಲ್ಲಿ, ಅಲ್ಲಿ ದುಡಿಯುತ್ತಿದ್ದ ನೂರಾರು ಮಂದಿಯ ನಡುವಿನಿಂದ ಮುಸ್ಲಿಮರ ಹೆಸರುಗಳನ್ನಷ್ಟೇ ಆರಿಸಿ ಸಂಸದರೊಬ್ಬರು ಓದಿದರು. ಹಲವು ಪರದೆಗಳ ಮೇಲೆ ಆ ಪಟ್ಟಿಯೇ ದೊಡ್ಡ ಸುದ್ದಿಯಾಯಿತು. ಆ ಯುವಕರ ತಪ್ಪೇನೂ ತನಿಖೆಯಲ್ಲಿ ಸಿಗಲಿಲ್ಲ. ಅನ್ಯಾಯವಾದದ್ದು ಅವರಿಗೆ ಮಾತ್ರವೇ? ಚಾಮರಾಜನಗರದಲ್ಲಿ ಹೆಣ ಹೊತ್ತವರ ಪ್ರಶ್ನೆಯೂ ಆ ಗದ್ದಲದಲ್ಲಿ ಅಡಗಿಹೋಯಿತು. ಹೈಕೋರ್ಟ್ ಸಮಿತಿ ನೇಮಿಸಿದ ಮೇಲೆ ಆಮ್ಲಜನಕದ ಕೊರತೆಯ ನಿಜ ಹೊರಬಂತು. ಅದಕ್ಕೆ ಒಂದು ವರ್ಷ ಮುಂಚೆ, 2020ರಲ್ಲಿ, ತಬ್ಲೀಗ್ ಜಮಾಅತ್‌ನ ಹೆಸರಿನಲ್ಲಿ ನಡೆದ ಪ್ರಸಾರಕ್ಕಾಗಿ ಎರಡು ಕನ್ನಡ ಸುದ್ದಿ ವಾಹಿನಿಗಳಿಗೆ ವಾಹಿನಿಗಳದ್ದೇ ಮಾನದಂಡ ಪ್ರಾಧಿಕಾರವು 2021ರ ಜೂನ್‌ನಲ್ಲಿ ದಂಡ ಹಾಕಿತು. ಅಷ್ಟರಲ್ಲಿ ನೋವು ಪಡಬೇಕಾದವರು ಪಟ್ಟಾಗಿತ್ತು.

ಹಾಗಾದರೆ ಪತ್ರಿಕಾಲಯಗಳಲ್ಲಿ ಎಲ್ಲ ಸಮುದಾಯದವರೂ ಇದ್ದರೆ ಸಾಕೇ? ಸಾಲದು. ಎರಡನೆಯ ಅರ್ಹತೆ ಇಲ್ಲಿ ಎದುರಾಗುತ್ತದೆ. ನಾವು ಕೊಡುವ ಕೆಲವೇ ರೂಪಾಯಿಗಳಲ್ಲಿ ದಿನಪತ್ರಿಕೆಯ ಖರ್ಚು ಹುಟ್ಟುವುದಿಲ್ಲ. ಉಳಿದದ್ದು ಸರಕಾರದ ಮತ್ತು ವ್ಯಾಪಾರಿಗಳ ಜಾಹೀರಾತಿನಿಂದ ಬರಬೇಕು. ತಾಲೂಕು ಮಟ್ಟದ ವರದಿಗಾರನಿಗೆ ಅನೇಕ ಕಡೆ ಸರಿಯಾದ ಸಂಬಳವಿಲ್ಲ. ವಿಶೇಷ ಪುರವಣಿಗೆ ಜಾಹೀರಾತು ತರುವ ಕೆಲಸವೂ ಅವನದೇ. ಬೆಳಿಗ್ಗೆ ಯಾರ ಬಾಗಿಲಲ್ಲಿ ಜಾಹೀರಾತಿಗಾಗಿ ನಿಂತನೋ ಸಂಜೆ ಅವರ ವಿರುದ್ಧ ಅವನು ಹೇಗೆ ಬರೆದಾನು? ಅವನ ಹೆಸರು ಅಬ್ದುಲ್ಲಾ ಆದರೂ ಅಷ್ಟೇ, ಆನಂದ ಆದರೂ ಅಷ್ಟೇ.

ಇದನ್ನು ಅರಿತವರು ಕನ್ನಡದಲ್ಲಿ ಇದ್ದರು. ವಡ್ಡರ್ಸೆ ರಘುರಾಮ ಶೆಟ್ಟರು 1984ರಲ್ಲಿ ಮಂಗಳೂರಿನಲ್ಲಿ ಓದುಗರಿಂದಲೇ ಬಂಡವಾಳ ಕೂಡಿಸಿ 'ಮುಂಗಾರು' ದಿನಪತ್ರಿಕೆ ತಂದರು. ದಲಿತ ಮತ್ತು ಹಿಂದುಳಿದ ಸಮುದಾಯಗಳ ಯುವಕರನ್ನು ಕರೆದು ಪತ್ರಕರ್ತರನ್ನಾಗಿ ತಿದ್ದಿದರು. ಹಣದ ಮುಗ್ಗಟ್ಟಿನಿಂದ ಆ ಪತ್ರಿಕೆ ಬಹುಕಾಲ ಬಾಳಲಿಲ್ಲ. 1980ರಲ್ಲಿ ಪಿ. ಲಂಕೇಶರು ಆರಂಭಿಸಿದ ವಾರಪತ್ರಿಕೆ ಜಾಹೀರಾತನ್ನೇ ಮುಟ್ಟದೆ ಓದುಗರ ಕಾಸಿನಿಂದ ನಡೆಯಿತು. ಆದ್ದರಿಂದಲೇ ಅದು ಯಾವ ಮಂತ್ರಿಯನ್ನೂ ಪ್ರಶ್ನಿಸಬಲ್ಲದಾಗಿತ್ತು. 2012ರ ಏಪ್ರಿಲ್ 14ರ ಅಂಬೇಡ್ಕರ್ ಜಯಂತಿಯಂದು 'ಪ್ರಜಾವಾಣಿ'ಯು ನಮ್ಮ ನೆರೆಯ ನಂಜನಗೂಡು ತಾಲೂಕಿನ ದೇವನೂರ ಮಹಾದೇವ ಅವರನ್ನು ಅತಿಥಿ ಸಂಪಾದಕರನ್ನಾಗಿ ಮಾಡಿ ಸಂಚಿಕೆ ತಂದಿತು. ಮೆಚ್ಚತಕ್ಕ ಕೆಲಸ. ಆದರೆ ಅತಿಥಿಯು ಒಂದು ದಿನದವನು. ವರ್ಷದ ಉಳಿದ ದಿನಗಳಲ್ಲಿ ಆ ಕುರ್ಚಿಯ ಸುತ್ತ ಯಾರಿರುತ್ತಾರೆ ಎಂಬುದೇ ಮುಖ್ಯ.

ಇನ್ನು ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಮಾತೊಂದಿದೆ. ಪತ್ರಿಕೆಯಲ್ಲಿ 'ನಮ್ಮವರು' ಇರಬೇಕೆಂದು ನಾವು ಬಯಸುವುದು ಏತಕ್ಕೆ? ನಮ್ಮ ಸತ್ಯ ಹೊರಬರಲಿ ಎಂದೋ, ನಮ್ಮ ತಪ್ಪು ಮುಚ್ಚಿಹೋಗಲಿ ಎಂದೋ? ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಾಗ, ತಲಾಖಿನ ಹೆಸರಿನಲ್ಲಿ ಹೆಣ್ಣಿಗಾಗುವ ಅನ್ಯಾಯವನ್ನು ತೋರಿಸಿದ್ದಕ್ಕೆ ನಮ್ಮವರಲ್ಲೇ ಎಷ್ಟೋ ಮಂದಿ ಮುನಿದರು. ಅದೇ ಪತ್ರಿಕೆಯಲ್ಲಿ ವರದಿಗಾರ್ತಿಯಾಗಿ ದುಡಿದ ಹಾಸನದ ಬಾನು ಮುಷ್ತಾಕ್ ಅವರೂ ಬಹಿಷ್ಕಾರದ ಬೆದರಿಕೆಯನ್ನು ಎದುರಿಸಿದವರು. 2025ರಲ್ಲಿ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಎಲ್ಲರೂ ಹೆಮ್ಮೆಪಟ್ಟೆವು. ಅವರು ಹೇಳಿದ್ದೆಲ್ಲವನ್ನೂ ಒಪ್ಪಲೇಬೇಕೆಂದಿಲ್ಲ. ಒಪ್ಪದಿದ್ದರೆ ಉತ್ತರ ಬರೆಯಬಹುದು. ಬಾಯಿ ಮುಚ್ಚಿಸುವುದು ಉತ್ತರವಲ್ಲ. ಸೂರಾ ಅನ್ನಿಸಾದ 135ನೆಯ ವಚನವು ನಮ್ಮ, ನಮ್ಮ ತಂದೆತಾಯಿಗಳ ಹಾಗೂ ಬಂಧುಗಳ ವಿರುದ್ಧವಾದರೂ ನ್ಯಾಯದ ಪರವಾಗಿ ಸಾಕ್ಷಿ ನಿಲ್ಲುವ ಹೊಣೆಯನ್ನು ನಮ್ಮ ಮೇಲೆಯೇ ಹೊರಿಸಿದೆ. ಆ ಹೊಣೆಯಿಂದ ನಮ್ಮ ಜಮಾಅತ್ ಕಮಿಟಿಗಳಿಗೂ ವಿನಾಯಿತಿ ಇಲ್ಲ. ಪರರು ನಮ್ಮ ಬಗ್ಗೆ ಸುಳ್ಳು ಬರೆದರೆ ಅನ್ಯಾಯ, ನಮ್ಮವರು ನಮ್ಮ ಬಗ್ಗೆ ನಿಜ ಬರೆದರೆ ದ್ರೋಹ ಎನ್ನುವವನು ನ್ಯಾಯವನ್ನು ಕೇಳುತ್ತಿಲ್ಲ, ವಕೀಲನನ್ನು ಹುಡುಕುತ್ತಿದ್ದಾನೆ.

ಆದ್ದರಿಂದ ದೂರುತ್ತಾ ಕೂರುವುದಕ್ಕಿಂತ ಮಾಡಬೇಕಾದ ಕೆಲಸಗಳಿವೆ. ಚೆನ್ನಾಗಿ ಕನ್ನಡ ಬರೆಯಬಲ್ಲ ಮಗನಿಗೋ ಮಗಳಿಗೋ ಪತ್ರಿಕೋದ್ಯಮದ ದಾರಿಯನ್ನೂ ತೋರಿಸಿ. ಅವರು ಪತ್ರಕರ್ತರಾದ ಮೇಲೆ ನಮ್ಮ ಪರವಾಗಿ ಬರೆಯಿರೆಂದು ಒತ್ತಾಯಿಸಬೇಡಿ. ನಂಬಿಕೆಗೆ ಅರ್ಹವಾದ ಒಂದು ಪತ್ರಿಕೆಗಾದರೂ ಹಣ ಕೊಟ್ಟು ಚಂದಾದಾರರಾಗಿ. ಓದುಗರ ಕಾಸು ಇಲ್ಲದ ಪತ್ರಿಕೆ ಬೇರೆಯವರ ಕಾಸಿಗೆ ಕೈಚಾಚಲೇಬೇಕಾಗುತ್ತದೆ. ತಪ್ಪು ಸುದ್ದಿ ಬಂದರೆ ಸಂಪಾದಕರಿಗೆ ಆಧಾರಸಹಿತ ಪತ್ರ ಬರೆಯಿರಿ. ಮೊಬೈಲಿಗೆ ಬಂದ ಮಾತನ್ನು ವಿಚಾರಿಸದೆ ಇನ್ನೊಬ್ಬರಿಗೆ ಕಳಿಸಬೇಡಿ. ಹಾಗೆ ಕಳಿಸುವಾಗ ನಾವೂ ಸಾಕ್ಷಿ ಹೇಳುತ್ತಿರುತ್ತೇವೆ. ಅದರ ಲೆಕ್ಕವನ್ನೂ ನಾಳೆ ಅಲ್ಲಾಹನ ಮುಂದೆ ಒಪ್ಪಿಸಬೇಕಾಗಿದೆ.