ಜಾಮೀನಿನ ಹೊಣೆ

ಪರರ ಬಿಡುಗಡೆಗಾಗಿ ನಮ್ಮ ಹೊಲದ ಉತಾರವನ್ನು ನ್ಯಾಯಾಲಯದಲ್ಲಿ ಇಡುವುದು ಧರ್ಮವೋ, ದುಡುಕೋ? ಜಾಮೀನುದಾರನು ಆರೋಪಿಯನ್ನು ನಿರ್ದೋಷಿಯೆಂದು ಸಾರುವುದಿಲ್ಲ. ಕರೆದ ದಿನ ಬರುವನೆಂಬ ಹೊಣೆಯನ್ನಷ್ಟೇ ಹೊರುತ್ತಾನೆ. ಆತ ತಪ್ಪಿಸಿಕೊಂಡರೆ ಮುಚ್ಚಳಿಕೆಯ ಹಣ ತೆರಬೇಕಾದವರು ನಾವು. ಆ ಹೊಲದಲ್ಲಿ ಮಡದಿ ಮಕ್ಕಳ ಅನ್ನವೂ ಇದೆ. ಅವರನ್ನು ಕೇಳದೆ ರುಜು ಹಾಕುವುದು ಔದಾರ್ಯವಲ್ಲ.

ಆದರೆ ಹೊಲವೇ ಇಲ್ಲದವನ ಗತಿಯೇನು? 1978ರ ಮೋತಿರಾಮ್ ಪ್ರಕರಣದಲ್ಲಿ ಮಧ್ಯಪ್ರದೇಶದ ಬಡ ಗಾರೆಯವನಿಂದ 10,000 ರೂಪಾಯಿಗಳ ಜಾಮೀನು ಕೇಳಲಾಯಿತು. ಸೋದರನ ಆಸ್ತಿ ಬೇರೆ ಜಿಲ್ಲೆಯದೆಂದು ತಿರಸ್ಕರಿಸಲಾಯಿತು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಇದನ್ನು ಒಪ್ಪದೆ, 1,000 ರೂಪಾಯಿಗಳ ಸ್ವಂತ ಮುಚ್ಚಳಿಕೆಯ ಮೇಲೆ ಬಿಡುಗಡೆಗೆ ಆದೇಶಿಸಿದರು. ಗಡಿಯಾಚೆಯ ಆಳಂದ, ಇಂಡಿಗಳಲ್ಲಿ ಬೀಗರುಳ್ಳ ಅಕ್ಕಲಕೋಟೆಯ ನಮಗೆ ಈ ತೀರ್ಪಿನ ಬೆಲೆ ತಿಳಿದೀತು.

ಮನೆಯವರ ಒಪ್ಪಿಗೆಯಿದ್ದು, ಆತನನ್ನು ನಾವು ಬಲ್ಲೆವಾದರೆ, ರುಜು ಹಾಕುವುದೇ ಧರ್ಮ.