ಸೈಕಲ್ ಏರುವುದು ಏತಕ್ಕಾಗಿ?

ಬಾಲ್ಯದಲ್ಲಿ ನಾವು ಸೈಕಲ್ ಕಲಿತಾಗ ಅದು ಏತಕ್ಕಾಗಿ ಎಂದು ಯಾರೂ ನಮ್ಮನ್ನು ಕೇಳಲಿಲ್ಲ. ಬಾಡಿಗೆ ಅಂಗಡಿಯಿಂದ ಗಂಟೆಯ ಲೆಕ್ಕದಲ್ಲಿ ತಂದ ದೊಡ್ಡವರ ಸೈಕಲ್ಲಿನ ಚೌಕಟ್ಟಿನೊಳಗೆ ಕಾಲು ತೂರಿಸಿ, ಒಳಪೆಡಲು ತುಳಿದು, ಮೊಣಕಾಲು ತರಚಿಕೊಂಡು ಕಲಿತ ಆ ವಿದ್ಯೆಗೆ ಕಾರಣವೇ ಬೇಕಿರಲಿಲ್ಲ. ಆದರೆ ನಲವತ್ತೈದು ದಾಟಿದ ಮೇಲೆ ಸೈಕಲ್ ಕೊಳ್ಳಲು ಹೊರಟವನಿಗೆ ಕಾರಣವಿಲ್ಲದೆ ಸಾಗದು. ಮನೆಯವರು ಕೇಳುತ್ತಾರೆ, ನೆರೆಯವರು ನಗುತ್ತಲೇ ಕೇಳುತ್ತಾರೆ. ಆಗ ನಾವು ಒಂದು ಗುರಿಯನ್ನು ಮುಂದಿಡುತ್ತೇವೆ. ಹತ್ತು ಕಿಲೋ ತೂಕ ಇಳಿಸಬೇಕು, ರಕ್ತದ ಸಕ್ಕರೆ ಹತೋಟಿಗೆ ಬರಬೇಕು, ಐವತ್ತು ತುಂಬುವುದರೊಳಗೆ ಒಂದೇ ದಿನದಲ್ಲಿ ನೂರು ಕಿಲೋಮೀಟರ್ ಕ್ರಮಿಸಬೇಕು ಎನ್ನುತ್ತೇವೆ. ಈ ಮಾತುಗಳೆಲ್ಲ ನಿಜವೇ. ಆದರೂ ಅವನ್ನು ಹೇಳುವಾಗ ನಮ್ಮ ಧ್ವನಿಯಲ್ಲಿ, ಏನನ್ನೋ ಸಮರ್ಥಿಸಿಕೊಳ್ಳುತ್ತಿರುವವರ ಸಣ್ಣದೊಂದು ಅಳುಕು ಇರುತ್ತದೆ. ಆ ಅಳುಕು ಎಲ್ಲಿಂದ ಬಂತು? ಹೆಗಲ ಮೇಲೆ ನೂರು ಹೊಣೆಗಳಿರುವ ಮನುಷ್ಯನು ಕೇವಲ ತನ್ನ ಸಲುವಾಗಿ ಒಂದು ಕಾರ್ಯವನ್ನು ಕೈಗೊಳ್ಳುವುದು ತಪ್ಪೇ? ತಪ್ಪಲ್ಲವಾದರೆ, ಎಂತಹ ಗುರಿ ಅವನಿಗೆ ತಕ್ಕದ್ದು?

ಮೊದಲಿಗೆ ಭಯದಿಂದ ಹುಟ್ಟುವ ಗುರಿಯನ್ನು ನೋಡೋಣ. ವಯಸ್ಕರಿಗೆ ವಾರದಲ್ಲಿ 150ರಿಂದ 300 ನಿಮಿಷಗಳಷ್ಟು ಸಾಧಾರಣ ಶ್ರಮದ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ವೈದ್ಯರ ಕೊಠಡಿಯಿಂದ ಹೊರಬಂದವನು ನೇರವಾಗಿ ಸೈಕಲ್ ಅಂಗಡಿಗೆ ಹೋದರೆ ಅದರಲ್ಲಿ ಹಾಸ್ಯಕ್ಕೆ ಎಡೆಯಿಲ್ಲ; ಭಯವು ಎಷ್ಟೋ ಮಂದಿಯನ್ನು ಬದುಕಿಸಿದೆ. ಆದರೆ ಭಯಕ್ಕೆ ಒಂದು ದೌರ್ಬಲ್ಯವಿದೆ. ಪ್ರಯೋಗಾಲಯದ ವರದಿಯಲ್ಲಿ ಅಂಕಿ ಇಳಿದ ದಿನವೇ ಭಯವೂ ಇಳಿಯುತ್ತದೆ. ಮೂರು ತಿಂಗಳು ಬೆಳಗಿನ ಚಳಿಯಲ್ಲಿ ತಪ್ಪದೆ ಹೊರಟವನಿಗೆ ನಾಲ್ಕನೆಯ ತಿಂಗಳು ಹಾಸಿಗೆ ಬಿಡುವುದು ಕಷ್ಟವಾಗುತ್ತದೆ. ಗುರಿ ಈಡೇರಿದೆ, ಇನ್ನು ತುಳಿಯುವುದು ಏಕೆ?

ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನು ಮನುಷ್ಯನ ಕ್ರಿಯೆಗಳನ್ನು ಎರಡು ಬಗೆಯಾಗಿ ವಿಂಗಡಿಸಿದ್ದಾನೆ. ಕೆಲವು ಕ್ರಿಯೆಗಳ ಗುರಿ ಅವುಗಳ ಹೊರಗಿರುತ್ತದೆ. ಮನೆ ಕಟ್ಟುವುದು ಅಂತಹುದು. ಮನೆ ಎದ್ದು ನಿಂತೊಡನೆ ಕಟ್ಟುವುದು ಮುಗಿಯಿತು. ಇನ್ನು ಕೆಲವು ಕ್ರಿಯೆಗಳು ತಮ್ಮೊಳಗೇ ಪೂರ್ಣವಾಗಿರುತ್ತವೆ. ನೋಡುವವನು ನೋಡಿ ಮುಗಿಸಲು ಕಾಯಬೇಕಾಗಿಲ್ಲ. ನೋಡಿದ ಕ್ಷಣವೇ ನೋಟ ಪೂರ್ಣ. ಮೊದಲ ಬಗೆಗೆ ಅವನು ಕೊಡುವ ಉದಾಹರಣೆಗಳಲ್ಲಿ ಒಂದು, ಮೈ ಇಳಿಸುವುದು! ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆಯೂ ತೂಕದ ಚಿಂತೆ ಇತ್ತೆಂಬುದು ನಮಗೆ ಸಮಾಧಾನ ತರಬಹುದು. ಅಂದಹಾಗೆ, ನಡಿಗೆಯನ್ನೂ ಅವನು ಮೊದಲ ಬಗೆಗೇ ಸೇರಿಸಿದ್ದಾನೆ, ಏಕೆಂದರೆ ನಡೆಯುವವನು ಎಲ್ಲಿಂದಲೋ ಎಲ್ಲಿಗೋ ಹೋಗುತ್ತಿರುತ್ತಾನೆ. ಸೈಕಲ್ ಕಂಡಿದ್ದರೆ ಏನೆನ್ನುತ್ತಿದ್ದನೋ ಕಾಣೆ. ಬೆಳಿಗ್ಗೆ ಐದೂವರೆಗೆ ಮನೆಯಿಂದ ಹೊರಟು, ಇಪ್ಪತ್ತು ಕಿಲೋಮೀಟರ್ ಸುತ್ತಿ, ಏಳಕ್ಕೆ ಅದೇ ಮನೆಗೆ ಮರಳುವವನು ಎಲ್ಲಿಗೆ ಹೋದಂತಾಯಿತು?

ಈ ಪ್ರಶ್ನೆಯನ್ನು ಬಾಳಿನಲ್ಲಿ ಎದುರಿಸಿದ ಇಬ್ಬರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿದ್ದರು. ಒಬ್ಬರು ಅಮೆರಿಕದ ಫ್ರಾನ್ಸಿಸ್ ವಿಲ್ಲರ್ಡ್. ಪಾನನಿರೋಧಕ್ಕಾಗಿ ದುಡಿದ ಕ್ರೈಸ್ತ ಮಹಿಳಾ ಸಂಘಟನೆಯ ಅಧ್ಯಕ್ಷೆಯಾಗಿದ್ದ ಅವರು 53ನೆಯ ವಯಸ್ಸಿನಲ್ಲಿ ಸೈಕಲ್ ಕಲಿಯತೊಡಗಿದರು. ಹದಿನಾರು ತುಂಬುವವರೆಗೆ ಹೊಲದಲ್ಲಿ ಸ್ವಚ್ಛಂದವಾಗಿ ಓಡಾಡಿದ ಹುಡುಗಿಗೆ ಆ ಬಳಿಕ ಪಾದ ಮುಚ್ಚುವ ಲಂಗ ತೊಡಿಸಲಾಗಿತ್ತು. ಅವರು 1895ರಲ್ಲಿ ಈ ಕಲಿಕೆಯ ಕುರಿತು ಒಂದು ಕಿರುಹೊತ್ತಗೆಯನ್ನೇ ಪ್ರಕಟಿಸಿದರು. ಸಮಾಜಸುಧಾರಕಿಯಾದ ಆಕೆ ತನ್ನ ಉದ್ದೇಶವೆಲ್ಲ ಪರೋಪಕಾರವೆಂದು ಬರೆದುಕೊಳ್ಳಬಹುದಿತ್ತು. ಮಹಿಳೆಯರ ಲೋಕ ವಿಶಾಲವಾಗಲಿ ಎಂಬ ಆಶಯ ಅವರಿಗೆ ಇದ್ದದ್ದೂ ನಿಜ. ಆದರೆ ಆಕೆ ಮುಚ್ಚುಮರೆಯಿಲ್ಲದೆ ಕೊಡುವ ಕಾರಣಗಳು ಬೇರೆಯೇ ಇವೆ: ಬಹುಕಾಲದಿಂದ ಅದುಮಿಟ್ಟಿದ್ದ ಸಾಹಸದ ಹಂಬಲ, ಹೊಸದೊಂದು ಶಕ್ತಿಯ ಸಾಧನವನ್ನು ಕಾಲಡಿಗೆ ತಂದುಕೊಳ್ಳುವ ಆಸೆ, ಮತ್ತು ಈ ವಯಸ್ಸಿನಲ್ಲಿ ನಿನ್ನಿಂದಾಗದು ಎಂದವರಿಗೆ ಆಗುತ್ತದೆಂದು ತೋರಿಸುವ ಛಲ. ದಿನಕ್ಕೆ ಸುಮಾರು ಹದಿನೈದು ನಿಮಿಷಗಳಂತೆ ಮೂರು ತಿಂಗಳು ಅಭ್ಯಾಸ ಮಾಡಿ, ತುಳಿಯುವುದು, ತಿರುಗಿಸುವುದು, ಇಳಿಯುವುದು, ಕೊನೆಗೆ ಯಾರ ನೆರವೂ ಇಲ್ಲದೆ ಏರುವುದು, ಹೀಗೆ ಒಂದೊಂದನ್ನೇ ಆಕೆ ಸಾಧಿಸಿಕೊಂಡರು.

ಆ ಕಾರಣಗಳಲ್ಲಿ ಸ್ವಲ್ಪ ಅಹಂಕಾರವೂ ಬೆರೆತಿದೆಯೆಂದು ನೀವು ಆಕ್ಷೇಪಿಸಬಹುದು. ಬೆರೆತಿದೆ. ಆದರೆ ಪರಿಶುದ್ಧವಾದ ಪ್ರೇರಣೆ ಸಿಗುವವರೆಗೆ ಕಾಯುತ್ತ ಕೂತವನು ಯಾವ ಒಳ್ಳೆಯ ಕೆಲಸವನ್ನೂ ಆರಂಭಿಸಲಾರ. ದಾನ ಕೊಡುವವನ ಮನಸ್ಸಿನಲ್ಲೂ ಹೆಸರಿನ ಆಸೆ ಇಣುಕುತ್ತದೆ. ಅದಕ್ಕಾಗಿ ದಾನವನ್ನು ನಿಲ್ಲಿಸಿರೆಂದು ವಿವೇಕಿಗಳು ಹೇಳುವುದಿಲ್ಲ. ವಿಲ್ಲರ್ಡರ ಪ್ರಾಮಾಣಿಕತೆ ಇರುವುದು ತನ್ನ ಬೆರಕೆ ಉದ್ದೇಶಗಳನ್ನು ಹೆಸರಿಟ್ಟು ಕರೆದುದರಲ್ಲಿ. 'ಆರೋಗ್ಯಕ್ಕಾಗಿ' ಎಂದು ಎಲ್ಲರೆದುರು ಹೇಳಿ, ಒಳಗೊಳಗೆ ಸಹೋದ್ಯೋಗಿಯನ್ನು ಹಿಂದಿಕ್ಕಲು ತುಳಿಯುವ ನಮಗೆ ಅಷ್ಟು ಧೈರ್ಯವಿದೆಯೇ?

ಇನ್ನೊಬ್ಬರು ರಷ್ಯದ ಲೇಖಕ ಟಾಲ್‌ಸ್ಟಾಯ್. 1895ರ ಫೆಬ್ರವರಿಯಲ್ಲಿ ಅವರ ಕಿರಿಯ ಮಗ ವಾನ್ಯಾ ಏಳು ತುಂಬುವ ಮೊದಲೇ ಜ್ವರಕ್ಕೆ ಬಲಿಯಾದ. ಮುದಿತನದಲ್ಲಿ ಹುಟ್ಟಿದ, ಮನೆಯವರೆಲ್ಲರ ಕಣ್ಮಣಿಯಾಗಿದ್ದ ಮಗು ಅದು. ಅದೇ ವಸಂತದಲ್ಲಿ, 66ರ ಹರೆಯದ ಟಾಲ್‌ಸ್ಟಾಯ್ ಮಾಸ್ಕೋದ ಕುದುರೆ ಸವಾರಿಯ ವಿಶಾಲ ಭವನವೊಂದರಲ್ಲಿ ಸೈಕಲ್ ಕಲಿಯತೊಡಗಿದರು. ಅವರ ವಿಚಾರಗಳನ್ನು ಬಲ್ಲವರಿಗೆ ಇದು ದಿಗ್ಭ್ರಮೆ ತಂದಿತು. ನೇಗಿಲು ಹಿಡಿದು ಉತ್ತವರು, ಬೂಟು ಹೊಲಿದವರು, ದೇಹಶ್ರಮವು ಪರರಿಗೆ ಉಪಯುಕ್ತವಾಗಿರಬೇಕೆಂದು ಬೋಧಿಸಿದವರು ಅವರು. ಸೈಕಲ್ಲಾದರೋ ಅಂದು ಸಿರಿವಂತರ ಆಟಿಕೆ. ಕ್ರೈಸ್ತ ಆದರ್ಶಕ್ಕೆ ಇದು ಒಪ್ಪುವುದೇ ಎಂಬ ಅಸಮಾಧಾನ ಅವರ ಅನುಯಾಯಿಗಳಲ್ಲೇ ಹುಟ್ಟಿತು. ಆ ಮಾತು ಕಿವಿಗೆ ಬಿದ್ದಾಗ ಟಾಲ್‌ಸ್ಟಾಯ್ ದಿನಚರಿಯಲ್ಲಿ ಬರೆದುಕೊಂಡ ಸಮಾಧಾನ ಬಹಳ ಸರಳ. ಇದರಲ್ಲಿ ಪಾಪವೇನೂ ಇಲ್ಲ, ಇದು ನನ್ನನ್ನು ಮಗುವಿನಂತೆ ನಲಿಸುತ್ತದೆ ಎಂಬುದು ಅದರ ಸಾರ. ಆರೋಗ್ಯದ ನೆಪವಿಲ್ಲ, ಲೋಕಹಿತದ ನೆಪವಿಲ್ಲ. ಮಗನ ಸಾವಿಗೂ ಸೈಕಲ್ಲಿಗೂ ಅವರು ನಂಟು ಕಲ್ಪಿಸಲಿಲ್ಲ; ನಾವೂ ಕಲ್ಪಿಸುವುದು ಬೇಡ. ಆದರೆ ಸಮತೋಲ ತಪ್ಪದಂತೆ ಮುಂದಕ್ಕೆ ನೋಡುತ್ತಿರಬೇಕಾದ ಅರ್ಧ ಗಂಟೆಯಲ್ಲಿ ಮನಸ್ಸು ಬೇರೆಲ್ಲಿಗೂ ಹೋಗಲಾರದೆಂಬುದನ್ನು ಸೈಕಲ್ ಕಲಿತವರೆಲ್ಲ ಬಲ್ಲರು.

ನನಗೆ ಈ ಉತ್ತರವೇ ಎಲ್ಲಕ್ಕಿಂತ ಕಠಿಣವೆಂದು ತೋರುತ್ತದೆ. ಪ್ರತಿಯೊಂದು ಗಳಿಗೆಯೂ ಯಾವುದೋ ಲಾಭಕ್ಕೆ ಸಂದಾಯವಾಗಬೇಕೆಂದು ನಂಬಿದ ನಮಗೆ ನಿರುಪಯುಕ್ತ ಸಂತೋಷವೊಂದನ್ನು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಆದ್ದರಿಂದಲೇ ಸಂತೋಷಕ್ಕೂ ಅಂಕಿಯ ಅಂಗಿ ತೊಡಿಸುತ್ತೇವೆ. ಇಂದು ಸೈಕಲ್ಲಿನ ಹಿಡಿಯ ಮೇಲೆ ಕೂತ ಮೊಬೈಲು ವೇಗ, ಎತ್ತರ, ಹೃದಯದ ಬಡಿತ ಎಲ್ಲವನ್ನೂ ಲೆಕ್ಕವಿಡುತ್ತದೆ. ಸ್ನೇಹಿತರ ಲೆಕ್ಕದ ಪಕ್ಕದಲ್ಲಿ ನಮ್ಮದನ್ನು ತೂಗುತ್ತದೆ. ಮೊಬೈಲಿನ ವಿದ್ಯುತ್ತು ಮುಗಿದ ದಿನ ತುಳಿದದ್ದೇ ವ್ಯರ್ಥವೆಂದು ಪರಿತಪಿಸುವವರಿದ್ದಾರೆ. ದಾರಿಬದಿಯ ಹೊಂಗೆ ಹೂ ಬಿಟ್ಟದ್ದು ಆ ಲೆಕ್ಕದಲ್ಲಿ ಬರುವುದಿಲ್ಲ.

ಅಂಕಿಯೇ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಫ್ರಾನ್ಸಿನಿಂದ ಹಬ್ಬಿದ 'ಬ್ರೆವೆ' ಎಂಬ ದೀರ್ಘ ಸವಾರಿಯ ಪದ್ಧತಿ ಬೆಂಗಳೂರು, ಮೈಸೂರುಗಳಲ್ಲೂ ಬೇರೂರಿದೆ. ಇದರಲ್ಲಿ 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಗಳಲ್ಲಿ ಮುಗಿಸಬೇಕು. ಆದರೆ ಮೊದಲು ಬಂದವನಿಗೆ ಬಹುಮಾನವಿಲ್ಲ. ಸ್ಥಾನಗಳ ಲೆಕ್ಕವೇ ಇಲ್ಲ. ಇನ್ನೂ ಸೊಗಸಾದ ನಿಯಮವೆಂದರೆ, ನಡುವಿನ ತಪಾಸಣಾ ಠಾಣೆಗಳಿಗೆ ತೆರೆಯುವ ವೇಳೆ ನಿಗದಿಯಾಗಿರುತ್ತದೆ. ತೀರ ಬೇಗ ಬಂದವನೂ ಕಾಯಬೇಕು. ಈ ಪರಂಪರೆಯ ಶಿಖರವೆನಿಸಿದ ಪ್ಯಾರಿಸ್‌-ಬ್ರೆಸ್ಟ್‌-ಪ್ಯಾರಿಸ್ ಸವಾರಿ 1891ರಲ್ಲಿ ಸ್ಪರ್ಧೆಯಾಗಿ ಹುಟ್ಟಿ, ಈಗ ನಾಲ್ಕು ವರ್ಷಗಳಿಗೊಮ್ಮೆ ಹವ್ಯಾಸಿಗಳಿಗಾಗಿ ನಡೆಯುತ್ತದೆ. ದೂರ ಸುಮಾರು 1200 ಕಿಲೋಮೀಟರ್, ಗರಿಷ್ಠ ಅವಧಿ 90 ಗಂಟೆ. ಗುರಿಯನ್ನು ಇಟ್ಟುಕೊಂಡೂ ಅದರ ವಿಷವನ್ನು ತೆಗೆದುಹಾಕುವ ಉಪಾಯವಿದು.

ಈ 1200 ಎಂಬ ಅಂಕಿ ನಮ್ಮ ದೇಶದಲ್ಲಿ ಬೇರೊಂದು ನೆನಪನ್ನೂ ತರುತ್ತದೆ. 2020ರ ಮೇ ತಿಂಗಳು, ಕೋವಿಡ್ ಲಾಕ್‌ಡೌನ್ ಕಾಲ. ಗುರುಗ್ರಾಮದಲ್ಲಿ ರಿಕ್ಷಾ ಓಡಿಸುತ್ತಿದ್ದ, ಅಪಘಾತದಲ್ಲಿ ಕಾಲಿಗೆ ಪೆಟ್ಟಾಗಿದ್ದ ತಂದೆಯನ್ನು ಹಿಂದಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು 15 ವರ್ಷದ ಹುಡುಗಿಯೊಬ್ಬಳು ಬಿಹಾರದ ದರ್ಭಂಗದ ತನ್ನ ಊರಿಗೆ ಸೈಕಲ್ ತುಳಿದಳು. ದೂರ ಹೆಚ್ಚು ಕಡಿಮೆ ಅಷ್ಟೇ. ಸುದ್ದಿ ಹರಡಿದಾಗ ದೇಶವಿದೇಶಗಳಿಂದ ಪ್ರಶಂಸೆ ಹರಿದುಬಂತು. ರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಆಯ್ಕೆ ಪರೀಕ್ಷೆಗೆ ಕರೆಯಿತು. ಕರೆದವರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಆ ಮಗುವಿಗೆ ದಾಖಲೆಯ ಗುರಿ ಇರಲಿಲ್ಲ. ಬಾಡಿಗೆ ಕಟ್ಟಲಾಗದ ಕೋಣೆ, ನಿಂತುಹೋದ ರೈಲುಗಳು ಮತ್ತು ಹಸಿವು ಅವಳನ್ನು ಸೈಕಲ್ ಹತ್ತಿಸಿದ್ದವು. ಒಬ್ಬಳ ಸಂಕಟವನ್ನು ಸಾಧನೆಯೆಂದು ಕರೆದುಬಿಟ್ಟರೆ ಆ ಸಂಕಟಕ್ಕೆ ಯಾರು ಹೊಣೆ ಎಂದು ಕೇಳುವ ಕರ್ತವ್ಯದಿಂದ ನಾವು ಸುಲಭವಾಗಿ ಪಾರಾಗುತ್ತೇವೆ.

ಹಾಗೆಂದ ಮಾತ್ರಕ್ಕೆ ಟಾಲ್‌ಸ್ಟಾಯ್‌ರ ನಲಿವು ಪಾಪವಾಗುವುದಿಲ್ಲ. ಆದರೆ ಸೈಕಲ್ಲಿಗೆ ತಾನೇ ಗುರಿಯನ್ನು ಆರಿಸಿಕೊಳ್ಳಬಲ್ಲವನು ಭಾಗ್ಯವಂತ. ಬೆಳಗಿನ ಜಾವ ನಗರದ ಅಂಚಿನ ರಸ್ತೆಯಲ್ಲಿ ಬೆಲೆಬಾಳುವ ಹೆಲ್ಮೆಟ್ ಧರಿಸಿದ ಸವಾರನು ಪತ್ರಿಕೆ ಹಂಚುವ ಹುಡುಗನನ್ನೂ, ಪಾಳಿ ಮುಗಿಸಿ ಮರಳುವ ಕಾವಲುಗಾರನನ್ನೂ ಹಿಂದಿಕ್ಕಿ ಸಾಗುತ್ತಾನೆ. ಮೂವರೂ ತುಳಿಯುತ್ತಿದ್ದಾರೆ. ಒಬ್ಬನ ಕಿಲೋಮೀಟರುಗಳನ್ನು ಯಂತ್ರ ಎಣಿಸುತ್ತದೆ. ಉಳಿದಿಬ್ಬರದನ್ನು ಯಾರೂ ಎಣಿಸುವುದಿಲ್ಲ. ಒಂದು ನಮಸ್ಕಾರ ಹೇಳಲು ವೇಗ ತಗ್ಗಿಸಿದರೆ ಸರಾಸರಿ ಕೆಡಬಹುದು, ಕೆಡಲಿ.

ಅಗತ್ಯ ಮತ್ತು ಆನಂದ ಒಂದೇ ಸೈಕಲ್ಲಿನ ಮೇಲೆ ಕೂತ ಉದಾಹರಣೆಯೂ ಉಂಟು. ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ನಡೆದ ಸಾಕ್ಷರತಾ ಆಂದೋಲನವು ಅಂದಿನ ಜಿಲ್ಲಾಧಿಕಾರಿ ಶೀಲಾ ರಾಣಿ ಚುಂಕತ್ ಅವರ ಪ್ರೋತ್ಸಾಹದಿಂದ ಸೈಕಲ್ ಕಲಿಕೆಯನ್ನೂ ತನ್ನದಾಗಿಸಿಕೊಂಡಿತು. ಕೃಷಿಕೂಲಿಗಳು, ಕಲ್ಲುಕ್ವಾರಿಯ ಕಾರ್ಮಿಕರು, ಅಂಗನವಾಡಿ ಕಾರ್ಯಕರ್ತೆಯರು ಸಾವಿರಾರು ಸಂಖ್ಯೆಯಲ್ಲಿ ಕಲಿತರು. ಹೀನವಾದ ಮಾತುಗಳನ್ನೂ ಕೇಳಬೇಕಾಯಿತು. ಪತ್ರಕರ್ತ ಪಿ. ಸಾಯಿನಾಥ್ ದಾಖಲಿಸಿದಂತೆ, ಗಂಡಸರ ಸೈಕಲ್ಲನ್ನೇ ಇಷ್ಟಪಟ್ಟ ಹೆಂಗಸರಿದ್ದರು. ಅದರ ಅಡ್ಡಕಂಬಿಯ ಮೇಲೆ ಮಗುವನ್ನು ಕೂರಿಸಬಹುದಲ್ಲ! ನೀರು ತರುವುದಕ್ಕೆ, ಉತ್ಪನ್ನ ಮಾರುವುದಕ್ಕೆ ಅವರಿಗೆ ಸೈಕಲ್ ಒದಗಿತು. ಆದರೆ ಬಸ್ಸಿಗಾಗಿಯೂ ಗಂಡಸಿಗಾಗಿಯೂ ಕಾಯದೆ ಹೊರಡುವ ಸ್ವಾತಂತ್ರ್ಯವನ್ನೇ ಅವರು ಹೆಚ್ಚಾಗಿ ಕೊಂಡಾಡಿದರಂತೆ. ಬೇರೆ ಬೇರೆ ಖಂಡದ ವಿಲ್ಲರ್ಡ್ ಮತ್ತು ಈ ಕೂಲಿ ಹೆಂಗಸರು ಭೇಟಿಯಾಗಿದ್ದರೆ ಪರಸ್ಪರರ ಮಾತು ಅವರಿಗೆ ಅರ್ಥವಾಗುತ್ತಿತ್ತು.

ಇನ್ನು ಗುರಿಯನ್ನು ನಡುದಾರಿಯಲ್ಲಿ ಬಿಟ್ಟವರಿಗೆ ಒಂದು ಮಾತು. ಅಂತಹವರು ನಮ್ಮಲ್ಲಿ ಬಹಳ. ಪಡಸಾಲೆಯಲ್ಲಿ ಟೈರಿನ ಗಾಳಿ ಇಳಿದು, ಹಿಡಿಯ ಮೇಲೆ ಒಗೆದ ಬಟ್ಟೆ ಒಣಗುತ್ತ ನಿಂತಿರುವ ಸೈಕಲ್ ದಿನವೂ ಕಣ್ಣಿಗೆ ಬಿದ್ದು ಚುಚ್ಚುತ್ತಿದ್ದರೆ ಅದನ್ನು ಹೊರೆಯಾಗಿ ಇಟ್ಟುಕೊಳ್ಳಬೇಕಿಲ್ಲ. ಬಿಹಾರ ಸರ್ಕಾರವು 2006ರಲ್ಲಿ ಒಂಬತ್ತನೆಯ ತರಗತಿಗೆ ಸೇರುವ ಹೆಣ್ಣುಮಕ್ಕಳಿಗೆ ಸೈಕಲ್ ಕೊಳ್ಳಲು ಹಣ ಕೊಡತೊಡಗಿತು. ಅದರಿಂದ ಪ್ರೌಢಶಾಲೆಗೆ ದಾಖಲಾಗುವ ಹುಡುಗಿಯರ ಪ್ರಮಾಣ ಶೇಕಡಾ 32ರಷ್ಟು ಏರಿತೆಂದೂ, ಶಾಲೆ ಮೂರು ಕಿಲೋಮೀಟರಿಗಿಂತ ದೂರವಿದ್ದ ಹಳ್ಳಿಗಳಲ್ಲೇ ಹೆಚ್ಚಿನ ಫಲ ದೊರೆಯಿತೆಂದೂ 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿದೆ. ನಮ್ಮ ರಾಜ್ಯದಲ್ಲಿಯೂ 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಡುತ್ತಿದ್ದರು. ಕೋವಿಡ್ ಬಂದಾಗ ಅದು ನಿಂತಿತು. ನಿಮ್ಮ ಊರಿನ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರನ್ನು ವಿಚಾರಿಸಿ ನೋಡಿ. ದೂರದಿಂದ ನಡೆದು ಬರುವ ಮಕ್ಕಳ ಹೆಸರು ಅವರಿಗೆ ಗೊತ್ತಿರುತ್ತದೆ. ಕೊಡುವ ಮುನ್ನ ಎರಡು ಟ್ಯೂಬು ಬದಲಾಯಿಸಿ, ಸರಪಳಿಗೆ ಎಣ್ಣೆ ಬಿಟ್ಟು, ಬ್ರೇಕು ಬಿಗಿ ಮಾಡಿಸಿ.