ಹಳೆಯ ಕಾರು ಮತ್ತು ಲಕ್ಕಮ್ಮನ ಅಕ್ಕಿ

ಗೃಹಸ್ಥನಿಗೆ ಧರ್ಮಸಂಕಟವು ಯಾವಾಗಲೂ ದೊಡ್ಡ ವೇಷ ತೊಟ್ಟೇ ಬರುವುದೆಂದು ತಿಳಿಯಲಾಗದು. ಒಮ್ಮೊಮ್ಮೆ ಅದು ಕಡಿಮೆ ಬೆಲೆ ಹೇಳಿಕೊಂಡು ಮನೆಯ ಅಂಗಳಕ್ಕೇ ಬಂದು ನಿಲ್ಲುತ್ತದೆ. 2023ರಲ್ಲಿ, ಸುಗ್ಗಿಗೆ ಮುಂಚೆ, ಹೂಲಿಯ ಸದ್ಭಕ್ತರ ಮನೆಯೊಂದರಲ್ಲಿ ಹೀಗೆಯೇ ಆಯಿತು. ಹತ್ತಿ ಕಡಲೆ ಬೆಳೆಯುವ ಎರೆಹೊಲದ ಒಕ್ಕಲುತನದ ಮನೆ. ಮಗನು ಹುಬ್ಬಳ್ಳಿಯಲ್ಲಿ ನೌಕರಿಯಲ್ಲಿರುವವನು. ಹೊಸದಿದ್ದಾಗ 50 ಲಕ್ಷ ರೂಪಾಯಿಯ ಸುಮಾರಿದ್ದ ಜರ್ಮನ್ ಡೀಸೆಲ್ ಕಾರೊಂದು, 9 ವರ್ಷ ಓಡಿದ್ದು, 11 ಲಕ್ಷಕ್ಕೆ ದೊರೆಯುವುದೆಂದು ಅವನು ಸುದ್ದಿ ತಂದನು. “ಇಷ್ಟ ರೊಕ್ಕಕ್ಕ ಹೊಸಾ ಸಣ್ಣ ಕಾರು ಬರತೈತಿ ಅಪ್ಪಾ, ಆದರ ಅವ್ವನ ಮೊಣಕಾಲಿಗೆ ಇದರಾಗಿನ ಸುಖ ಅದರಾಗ ಸಿಗೂದಿಲ್ಲ” ಎಂಬುದು ಅವನ ವಾದ. ತಂದೆಯವರು ಈ ಮಾತನ್ನು ನಮ್ಮ ಮುಂದಿಟ್ಟು, ಕೊಳ್ಳುವುದು ತಪ್ಪೇ ಎಂದು ಕೇಳಿದರು.

ತಪ್ಪೆಂದು ಒಮ್ಮೆಲೇ ಹೇಳಿಬಿಡುವುದು ಸುಲಭ, ಆದರೆ ನ್ಯಾಯವಾಗದು. ಶರಣರು ದಾರಿದ್ರ್ಯವನ್ನು ಹೊಗಳಿದವರಲ್ಲ. ಬಸವಣ್ಣನವರು ಬಿಜ್ಜಳನ ಭಂಡಾರವನ್ನು ನಿರ್ವಹಿಸುತ್ತ, ಧನದ ನಡುವೆಯೇ ಶರಣರಾಗಿ ಬಾಳಿದರು. ಮೇಲಾಗಿ, ಒಬ್ಬರು ಬಳಸಿಬಿಟ್ಟ ವಸ್ತುವನ್ನು ಇನ್ನೊಬ್ಬರು ಬಳಸುವುದರಲ್ಲಿ ಮಿತವ್ಯಯವೂ ಉಂಟು.

ಆದರೆ ಆಯ್ದಕ್ಕಿ ಮಾರಯ್ಯನವರು ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಲಕ್ಕಮ್ಮನವರು ಅದನ್ನು ಇದ್ದಲ್ಲಿಗೇ ಮರಳಿಸಿದ ಪ್ರಸಂಗವು ನಮ್ಮಲ್ಲಿ ಮಕ್ಕಳಿಗೂ ತಿಳಿದದ್ದು. ಆ ಅಕ್ಕಿಯು ಕದ್ದದ್ದಾಗಿರಲಿಲ್ಲ. ನೆಲಕ್ಕೆ ಬಿದ್ದದ್ದನ್ನು ಆಯ್ದದ್ದು. ಅದಕ್ಕಿಂತ ಅಗ್ಗವಾದುದು ಏನಿದ್ದೀತು? ಆದರೂ ಆ ಮಹಾತಾಯಿ ಇಂದಿಗೆ ಎಷ್ಟು ಬೇಕೆಂಬುದನ್ನು ಮಾತ್ರ ನೋಡಿದರು. ಅಗ್ಗವಾಗಿ ಸಿಕ್ಕಿತೆಂಬುದು ‘ಬೇಕು’ ಎಂಬುದಕ್ಕೆ ಕಾರಣವಾಗಲಾರದೆಂದು ನಮಗೆ ತೋರುವುದು ಇಲ್ಲಿಯೇ.

ಅಷ್ಟಕ್ಕೂ ಕಾರಿನ ಆ ಅಗ್ಗವು ಎಲ್ಲಿಂದ ಬಂದಿತು? ದಿಲ್ಲಿ ಪ್ರದೇಶದಲ್ಲಿ 10 ವರ್ಷ ಮೀರಿದ ಡೀಸೆಲ್ ವಾಹನಗಳು ಓಡಬಾರದೆಂದು ಹಸಿರು ನ್ಯಾಯಾಧಿಕರಣವು 2015ರಲ್ಲಿ ವಿಧಿಸಿದ್ದನ್ನು ಸುಪ್ರೀಂ ಕೋರ್ಟು 2018ರಲ್ಲಿ ಎತ್ತಿಹಿಡಿಯಿತು. ಆ ಬಳಿಕ ಅಂಥ ಎಷ್ಟೋ ವಾಹನಗಳು ಕಡಿಮೆ ಬೆಲೆಗೆ ಬೇರೆ ರಾಜ್ಯಗಳಿಗೆ ಸಾಗಿದವು. ಈ ಕಾರಿನ ಮೇಲೂ ದಿಲ್ಲಿಯ ನಂಬರೇ ಇತ್ತು. ಹೊರರಾಜ್ಯದ ವಾಹನವನ್ನು 12 ತಿಂಗಳಿಗೆ ಮೀರಿ ಇಲ್ಲಿ ಇಟ್ಟುಕೊಂಡರೆ ಹೊಸದಾಗಿ ನೋಂದಾಯಿಸಬೇಕು, ಕರ್ನಾಟಕದ ತೆರಿಗೆಯನ್ನೂ ಕಟ್ಟಬೇಕು. ಅದೂ ಹೋಗಲಿ. ವರ್ಷ ಕಳೆದಂತೆ ಕಾರಿನ ಬೆಲೆ ಇಳಿಯುವುದು, ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಕಾಲು ಬೆಲೆಗೆ ಕೊಂಡವನೂ 50 ಲಕ್ಷದ ಕಾರಿನ ದುರಸ್ತಿಯನ್ನೇ ಮಾಡಿಸಬೇಕಾಗುತ್ತದೆ. ಒಂದೇ ರಿಪೇರಿಗೆ ಲಕ್ಷ ರೂಪಾಯಿ ಹೋಗುವುದುಂಟು. ಆ ಲಕ್ಷವು ಯಾರ ಪಾಲಿನದು? ಕಳೆ ತೆಗೆದ ಹೆಣ್ಣಾಳುಗಳ ಪಗಾರ ಮುಂದಿನ ವಾರಕ್ಕೆ ಹೋಗುತ್ತದೆ. ದಾಸೋಹಕ್ಕೆಂದು ತೆಗೆದಿಟ್ಟ ಜೋಳದ ಚೀಲ ಅಡತಿ ಅಂಗಡಿಗೆ ಹೋಗುತ್ತದೆ. ಕಾಯಕದ ಫಲದಲ್ಲಿ ಅವರ ಪಾಲೇ ಮೊದಲಿನದೆಂದು ಒಪ್ಪಿದ ಗೃಹಸ್ಥನು ಈ ಲೆಕ್ಕವನ್ನು ಕೊಳ್ಳುವ ಮುಂಚೆಯೇ ಮಾಡಬೇಕು.

ಇನ್ನು ತಾಯಿಯ ಮೊಣಕಾಲಿನ ಮಾತು. ಮಗನು ಸುಳ್ಳು ಹೇಳಿದನೆಂದು ನಾವು ಹೇಳೆವು. ಆದರೆ ಆಸೆಯು ಪ್ರೀತಿಯ ಸೆರಗು ಹಿಡಿದು ಒಳಗೆ ಬರುವುದನ್ನು ಎಲ್ಲರೂ ಅವರವರ ಮನೆಗಳಲ್ಲಿ ಕಂಡಿದ್ದೇವೆ. ಈ ಲೇಖಕನೂ ಅದಕ್ಕೆ ಹೊರತಾದವನಲ್ಲ. ಯಾರ ಹೆಸರಿನಲ್ಲಿ ವಸ್ತುವು ಮನೆಗೆ ಬರುತ್ತದೆಯೋ ಅವರನ್ನೇ ಕೇಳಿರೆಂದು ತಂದೆಯವರಿಗೆ ಹೇಳಿದೆವು.

ಕಾರು ನೋಡಲೆಂದು ಬಂದಿತು. ಹೊಲದ ದಾರಿಯಲ್ಲಿ ಅದರ ಹೊಟ್ಟೆ ಎರಡು ಕಡೆ ನೆಲಕ್ಕೆ ತಾಗಿತಂತೆ. ತಾಯಿಯವರು ಹಿಂದಿನ ಆಸನದಲ್ಲಿ ಕುಳಿತು, ಅದರ ಮೆತ್ತನೆಯ ಚರ್ಮವನ್ನು ಕೈಯಿಂದ ಸವರಿ, ಸಂತೋಷಪಟ್ಟರು. ಇಳಿಯುವಾಗ ಮಾತ್ರ ಆ ತಗ್ಗಿನ ಆಸನದಿಂದ ಏಳಲಾಗದೆ ಮಗನ ಎರಡೂ ಕೈಗಳನ್ನು ಹಿಡಿಯಬೇಕಾಯಿತು. “ಕುಂದ್ರೂದು ಬಾಳ ಛಲೋ ಐತಿ ಯಪ್ಪಾ, ಆದರ ಏಳೂದು ಹ್ಯಾಂಗ?” ಎಂದರು.

ಮಗನು ಬಹಳ ಹೊತ್ತು ಸುಮ್ಮನಿದ್ದನಂತೆ. ಮರುದಿನ ಎತ್ತರದ ಆಸನವುಳ್ಳ ಸಣ್ಣ ಕಾರಿನ ಬೆಲೆಯನ್ನು ವಿಚಾರಿಸತೊಡಗಿದನು. ತಂದೆಯವರು ಅದಕ್ಕೂ ಅವಸರ ಮಾಡಲಿಲ್ಲ. ಸುಗ್ಗಿ ಮುಗಿಯಲಿ, ಆಳುಗಳ ಲೆಕ್ಕ ತೀರಲಿ, ಆಮೇಲೆ ನೋಡೋಣ ಎಂದರು.